ಸಂಘ, ಸೊಸೈಟಿ, ಒಕ್ಕೂಟ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಎಲ್ಲಿಗೇ ಹೋದರೂ ಸಂಘದ ಮೀಟಿಂಗಿನಲ್ಲಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಏಳುತ್ತವೆ. ಹೊಸದಾಗಿ ಸಂಘ ಕಟ್ಟುವವರಿಗೂ, "ನಮ್ಮ ಸಂಘ ಬರೀ ಸಾಲ ತಗೊಂಡು ತೀರಿಸೋದಕ್ಕೇ ನಿಂತುಬಿಟ್ಟಿದೆ" ಅನ್ನುವವರಿಗೂ ಉಪಯೋಗವಾಗಲಿ ಎಂದು ಉತ್ತರಗಳನ್ನು ಒಂದೆಡೆ ಬರೆದಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಎರಡು ಮಾತು ಸಾಕು.

ಮಲೆನಾಡು ಹಸಿರಾಗಿದೆ, ಅಡಿಕೆಗೆ ರೇಟಿದೆ. ಇಲ್ಲಿ ಬಡತನ ಎಲ್ಲಿದೆ?

ರಸ್ತೆಯಿಂದ ನೋಡಿದರೆ ಕಾಣುವುದಿಲ್ಲ. ತೋಟದ ಮನೆ ರಸ್ತೆಗೆ ಹತ್ತಿರ ಇರುತ್ತದೆ. ಆ ತೋಟದಲ್ಲಿ ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವವರ ಮನೆ ಗುಡ್ಡ ಹತ್ತಿದ ಮೇಲೆ, ಕಾಡಿನ ಅಂಚಿನಲ್ಲಿ. ಅಡಿಕೆ ರೇಟು ಎಷ್ಟೇ ಏರಲಿ, ಸುಲಿಯುವ ಹೆಂಗಸರಿಗೆ ಸಿಗುವುದು ಕೆಜಿ ಲೆಕ್ಕದ ಕೂಲಿ. ಸುಗ್ಗಿಯಲ್ಲಿ ರಾತ್ರಿ ಹತ್ತು ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಅಡಿಕೆಯ ಚೊಗರು ರಸ ಹತ್ತಿ ಬೆರಳು ಕಪ್ಪಾಗಿರುತ್ತದೆ, ಸೊಂಟ ಹಿಡಿದಿರುತ್ತದೆ. ಸುಗ್ಗಿ ಮುಗಿದರೆ ಆ ದುಡಿಮೆಯೂ ಮುಗಿಯಿತು. ಮಳೆಗಾಲದಲ್ಲಿ ನಟ್ಟಿ ಬಿಟ್ಟರೆ ಕೂಲಿ ಕಡಿಮೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ಜೂನ್‌ನಲ್ಲಿ ಮಕ್ಕಳ ಶಾಲೆ, ಆಮೇಲೆ ಜ್ವರ ನೆಗಡಿ, ಅಷ್ಟರಲ್ಲಿ ಚೌತಿ ಹಬ್ಬ. ಆಗ ತೆಗೆದುಕೊಂಡ ಮುಂಗಡವನ್ನು ಮುಂದಿನ ಸುಗ್ಗಿಯಲ್ಲಿ ದುಡಿದು ತೀರಿಸಬೇಕು. ಈ ಚಕ್ರದಲ್ಲೇ ಆಯುಸ್ಸು ಕಳೆದವರಿದ್ದಾರೆ.

ಸಣ್ಣ ತೋಟದವರ ಕಷ್ಟ ಬೇರೆ ಥರ. ಅರ್ಧ ಎಕರೆ, ಮುಕ್ಕಾಲು ಎಕರೆ ತೋಟ. ಒಂದು ವರ್ಷ ಕೊಳೆ, ಇನ್ನೊಂದು ವರ್ಷ ಎಲೆಚುಕ್ಕೆ ರೋಗ. ಔಷಧಿ ಹೊಡೆಸಲು ದುಡ್ಡಿಲ್ಲದೆ ಫಸಲನ್ನು ಮೊದಲೇ ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡುತ್ತಾರೆ. ಆಮೇಲೆ ರೇಟು ಏರಿದರೆ ಲಾಭ ಚೇಣಿ ಹಿಡಿದವರಿಗೆ.

ಮೂರನೆಯವರು ಮುಳುಗಡೆ ಸಂತ್ರಸ್ತರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ಕರೆಂಟು ಬಂತು. ಶರಾವತಿ ಕಣಿವೆಯಿಂದ ಎದ್ದು ಬಂದ ಎಷ್ಟೋ ಕುಟುಂಬಗಳಿಗೆ ಕೂತ ಜಾಗದ ಹಕ್ಕುಪತ್ರ ಇವತ್ತಿಗೂ ಬಂದಿಲ್ಲ.

2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ಅದು ದೊಡ್ಡ ಕೆಲಸ. ಆದರೆ ತಾಲ್ಲೂಕಿನ ಸರಾಸರಿ ನೋಡಿದರೆ ಮಲೆನಾಡಿನ ಬಡತನ ಪೂರ್ತಿ ಸಿಗುವುದಿಲ್ಲ. ಒಂದೇ ಊರಲ್ಲಿ ಕಾರಿರುವ ಮನೆಯೂ, ಮಳೆಗಾಲದಲ್ಲಿ ಸೋರುವ ಮನೆಯೂ ಇದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಇಲ್ಲಿ ಕೆಲಸ ಕೇರಿಯಿಂದ, ಮನೆಯಿಂದ ಶುರುವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸರ್ಕಾರ ನೇರವಾಗಿ ಅಕೌಂಟಿಗೆ ದುಡ್ಡು ಹಾಕುತ್ತಿದೆಯಲ್ಲ. ಸಂಘ ಯಾಕೆ ಬೇಕು?

ಗೃಹಲಕ್ಷ್ಮಿಯ 2,000 ರೂಪಾಯಿ 2023ರಿಂದ ಬರುತ್ತಿದೆ. ಎಷ್ಟೋ ಮನೆಯಲ್ಲಿ ಅದರಿಂದಲೇ ಔಷಧಿ, ಗ್ಯಾಸು ನಡೆಯುತ್ತಿದೆ. ಅದು ಬೇಕೇ ಬೇಕು. ಆದರೆ ಆ ದುಡ್ಡು ನಿಮ್ಮ ಹಪ್ಪಳಕ್ಕೆ ಒಳ್ಳೆ ಬೆಲೆ ತರುವುದಿಲ್ಲ, ಕಾಡಿನಿಂದ ತರುವ ಉಪ್ಪಾಗೆಯ (ಹುಳಿ ಹಣ್ಣು) ತೂಕದಲ್ಲಿ ಆಗುವ ಮೋಸ ತಡೆಯುವುದಿಲ್ಲ. ಅದಕ್ಕೆ ನಾಲ್ಕು ಜನ ಒಟ್ಟಾಗಲೇಬೇಕು.

ಒಟ್ಟಾಗುವುದು ನಮಗೆ ಹೊಸದೇನಲ್ಲ. ಮುಯ್ಯಾಳು ಪದ್ಧತಿ ಇಲ್ಲಿಯದ್ದೇ. ಇವತ್ತು ನಿಮ್ಮ ಗದ್ದೆ ನಟ್ಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಸಹಕಾರ ಸಂಘದ ವಿಷಯದಲ್ಲೂ ಕರ್ನಾಟಕ ಮುಂದಿತ್ತು. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಅಡಿಕೆ ಮಾರಾಟದ ಸೊಸೈಟಿಗಳಲ್ಲಿ ಶಿರಸಿಯ ಟಿಎಸ್ಎಸ್ 1923ರದ್ದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು. ಮಂಡಿಯವರು ಹೇಳಿದ್ದೇ ರೇಟು ಎನ್ನುವ ಕಾಲದಲ್ಲಿ ಬೆಳೆಗಾರರು ತಮ್ಮದೇ ಸೊಸೈಟಿಗೆ ಅಡಿಕೆ ಹಾಕಿದರು. ರೇಟು ಬರುವವರೆಗೆ ಅಲ್ಲೇ ದಾಸ್ತಾನಿಟ್ಟರು, ದಾಸ್ತಾನಿನ ಮೇಲೆ ಸಾಲ ಪಡೆದರು. ಎಷ್ಟೋ ಅಡಿಕೆ ಕುಟುಂಬಗಳ ಮಕ್ಕಳು ಓದಿ ಮುಂದೆ ಬಂದಿದ್ದರಲ್ಲಿ ಈ ಸೊಸೈಟಿಗಳ ಪಾಲು ದೊಡ್ಡದು.

ಆದರೆ ಅಡಿಕೆ ಸೊಸೈಟಿಯ ಸದಸ್ಯತ್ವ ಅಡಿಕೆ ಇದ್ದವರಿಗೆ. ಸುಲಿದವರಿಗೆ, ಕೊನೆ ಕೊಯ್ದವರಿಗೆ ಅಲ್ಲಿ ಜಾಗ ಇಲ್ಲ. ಬೆಳೆಗಾರರು ನೂರು ವರ್ಷದ ಹಿಂದೆ ಮಾಡಿಕೊಂಡಿದ್ದನ್ನು ಈಗ ಕೂಲಿಯವರು, ಕಾಡಿನ ಅಂಚಿನವರು ಮಾಡಿಕೊಳ್ಳಬೇಕು. ಅಳತೆ, ಬೆಲೆ, ಲೆಕ್ಕ ಈ ಮೂರೂ ಅವರ ಕೈಗೆ ಬರಬೇಕು. ಮುಂದಿನ ಎಲ್ಲ ಉತ್ತರಗಳಲ್ಲೂ ನಾನು ಹೇಳುವುದು ಇದನ್ನೇ.

ಸ್ವಸಹಾಯ ಸಂಘಕ್ಕೆ ಎಷ್ಟು ಜನ ಬೇಕು? ಏನೇನು ನಿಯಮ?

ಸಾಮಾನ್ಯವಾಗಿ 10ರಿಂದ 20 ಜನ. ಮನೆ ದೂರ ದೂರ ಇರುವ ಕಡೆ, ಅಂಗವಿಕಲರ ಸಂಘಕ್ಕೆ ಐದು ಜನರಿದ್ದರೂ ಒಪ್ಪುತ್ತಾರೆ. ನಿಯಮವನ್ನು ಪಂಚಸೂತ್ರ ಅನ್ನುತ್ತಾರೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಆರು ತಿಂಗಳು ಇದು ನಡೆದರೆ ಬ್ಯಾಂಕ್ ಸಾಲಕ್ಕೆ ಅರ್ಹತೆ ಬರುತ್ತದೆ. 10 ಲಕ್ಷದವರೆಗಿನ ಸಂಘದ ಸಾಲಕ್ಕೆ ಬ್ಯಾಂಕಿನವರು ಅಡಮಾನ ಕೇಳುವಂತಿಲ್ಲ. ಕೇಳಿದರೆ ರಿಸರ್ವ್ ಬ್ಯಾಂಕಿನ ನಿಯಮ ಹೇಳಿ. ಜಗಳ ಬೇಡ, ಮೆತ್ತಗೆ ಆದರೆ ಗಟ್ಟಿಯಾಗಿ ಹೇಳಿ.

ವಾರಕ್ಕೆ 50 ರೂಪಾಯಿ ಉಳಿಸಿ ಏನಾಗುತ್ತೆ?

ಹತ್ತು ಜನ ವಾರಕ್ಕೆ 50 ಹಾಕಿದರೆ ವರ್ಷಕ್ಕೆ 26,000 ರೂಪಾಯಿ. ಅದನ್ನು ಒಳಗೇ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಗೆ ಕೊಟ್ಟರೆ ಬಡ್ಡಿಯೂ ಸಂಘಕ್ಕೇ. ಆದರೆ ಮುಖ್ಯ ಲಾಭ ಇದಲ್ಲ. ಆಷಾಢದಲ್ಲಿ ಮಗುವಿಗೆ ಹುಷಾರಿಲ್ಲ ಎಂದಾಗ 3,000 ರೂಪಾಯಿ ಅದೇ ದಿನ ಸಿಗುತ್ತದೆ. ಮುಂಗಡಕ್ಕೆ ಕೈ ಒಡ್ಡಬೇಕಾಗಿಲ್ಲ. ಮುಂಗಡ ತಪ್ಪಿದರೆ ಸುಗ್ಗಿಯಲ್ಲಿ ಕೂಲಿ ಎಷ್ಟು ಎಂದು ಕೇಳುವ ಧೈರ್ಯ ಬರುತ್ತದೆ.

ಮೈಕ್ರೋ ಫೈನಾನ್ಸಿನವರದ್ದೂ ಸಂಘವೇ ಅಲ್ವಾ? ಅವರು ಬೇಗ ಕೊಡ್ತಾರೆ.

ಬೇಗ ಕೊಡುತ್ತಾರೆ, ನಿಜ. ಅಲ್ಲಿ ಹತ್ತು ಜನರನ್ನು ಕೂರಿಸುವುದು ಒಬ್ಬರಿಗೊಬ್ಬರು ಜಾಮೀನಾಗಲಿ ಎಂದು. ಬಡ್ಡಿ ಊರು ಬಿಟ್ಟು ಹೋಗುತ್ತದೆ. ಸ್ವಸಹಾಯ ಸಂಘದಲ್ಲಿ ಒಂದು ಲಕ್ಷ ರೂಪಾಯಿ ಸ್ವಂತ ನಿಧಿ ಒಳಗೇ ತಿರುಗಿದರೆ ನೂರಕ್ಕೆ ಒಂದರ ಲೆಕ್ಕದಲ್ಲಿ ವರ್ಷಕ್ಕೆ 12,000 ರೂಪಾಯಿ ಸಂಘದಲ್ಲೇ ಉಳಿಯುತ್ತದೆ. ಇದೇ ವ್ಯತ್ಯಾಸ.

ಈಗಾಗಲೇ ತೆಗೆದುಕೊಂಡವರಿಗೆ ಎರಡು ವಿಷಯ ಗೊತ್ತಿರಲಿ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಹೊಸ ಸಾಲ ಕೊಡುವ ಮೊದಲು ಅವರೇ ಇದನ್ನು ನೋಡಬೇಕು. ಮನೆ ಮುಂದೆ ಕೂರುವುದು, ಬೈಯುವುದು, ಸಾಮಾನು ಎತ್ತಿಕೊಂಡು ಹೋಗುವುದು ಇವಕ್ಕೆಲ್ಲ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಶಿಕ್ಷೆ ಹತ್ತು ವರ್ಷದವರೆಗೂ ಇದೆ. ಕಿರುಕುಳ ಆದರೆ ಪೊಲೀಸ್ ಠಾಣೆಗೆ ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಸೇರಿ ಹೋಗಿ.

ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಿರುವವರು ನಿಮ್ಮ ಸಂಘದಲ್ಲಿದ್ದರೆ ಹೊಸ ಉದ್ಯಮದ ಮಾತು ಆಮೇಲೆ. ಮೊದಲು ಅವರ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿಸಿ. ಬಡ್ಡಿ ಜಾಸ್ತಿ ಇರುವುದನ್ನು ಮೊದಲು ಮುಗಿಸಲು ಸಂಘದಿಂದ ಕೊಡಿ.

ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರಿದರೆ ಬದುಕು ನಡೆಯುತ್ತಾ?

ಬೆಲೆ ಲೆಕ್ಕ ಸರಿ ಹಾಕಿದರೆ ನಡೆಯುತ್ತದೆ. ಹೆಚ್ಚಿನ ಸಂಘಗಳು ಇಲ್ಲೇ ಸೋಲುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಲಸಿನ ಹಪ್ಪಳವನ್ನೇ ತಗೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲೇ ಆಗಬೇಕಾದ ಕೆಲಸ. ಕಾಯಿ ಬೆಳೆದಿರಬೇಕು, ಹಣ್ಣಾಗಿರಬಾರದು. ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸಿ, ಸೊಳೆ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಬೇಕು. ಉಪ್ಪು, ಖಾರ, ಜೀರಿಗೆ ಸೇರಿಸಿ ಉಂಡೆ ಕಟ್ಟಿ, ಒತ್ತಿ, ಚಾಪೆ ಮೇಲೆ ಹರವಬೇಕು. ಮಧ್ಯಾಹ್ನ ಮೋಡ ಕಟ್ಟಿದರೆ ಎಲ್ಲರೂ ಅಂಗಳಕ್ಕೆ ಓಡಬೇಕು. ಸರಿಯಾಗಿ ಒಣಗದ ಹಪ್ಪಳ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಐದು ಜನ ಒಂದು ದಿನ ಕೂತು 500 ಹಪ್ಪಳ ಮಾಡಿದರು ಎಂದಿಟ್ಟುಕೊಳ್ಳಿ. 25ರ ಕಟ್ಟು ಇಪ್ಪತ್ತು ಆಯಿತು. ಕಟ್ಟಿಗೆ 60 ರೂಪಾಯಿಯಂತೆ ಅಂಗಡಿಗೆ ಕೊಟ್ಟರೆ 1,200 ಬಂತು. ಖಾರ, ಉಪ್ಪು, ಪ್ಯಾಕೆಟ್ಟಿಗೆ 200 ಕಳೆದು 1,000 ಲಾಭ ಎಂದು ಖುಷಿಪಡುತ್ತಾರೆ. ತಲೆಗೆ 200 ಬಿತ್ತು ಅಷ್ಟೇ, ತೋಟದ ಕೂಲಿಗಿಂತ ಕಡಿಮೆ. ಹಲಸು ಹಿತ್ತಲದ್ದು, ಸೌದೆ ಮನೆಯದ್ದು, ದುಡಿಮೆ ನಮ್ಮದೇ ಎಂದು ಯಾವುದಕ್ಕೂ ಬೆಲೆ ಕಟ್ಟಿಲ್ಲ. ಮನೆ ಹೆಂಗಸಿನ ದುಡಿಮೆಗೆ ಬೆಲೆ ಕಟ್ಟದ ಅಭ್ಯಾಸ ಸಂಘದೊಳಗೂ ಬಂದುಬಿಡುತ್ತದೆ. ಅದನ್ನು ಬಿಡಲೇಬೇಕು.

ಮೊದಲು ಕೂಲಿ ಬರೆಯಿರಿ. ಆಮೇಲೆ ಹಲಸು, ಸೌದೆ, ಸಾಮಾನು, ಸಾಗಾಟ. ಅದರ ಮೇಲೆ ಸಂಘಕ್ಕೆ ಸ್ವಲ್ಪ. ಬರುವ ಮೊತ್ತವೇ ನಿಮ್ಮ ಬೆಲೆ. ಆ ಬೆಲೆಗೆ ಅಂಗಡಿಯವರು ಒಪ್ಪದಿದ್ದರೆ ಬೇರೆ ದಾರಿ ನೋಡಿ. ಬೆಂಗಳೂರಲ್ಲಿರುವ ಊರಿನವರ ವಾಟ್ಸಾಪ್ ಗುಂಪು ಇರುತ್ತದೆ, ಮೇಳ ಇರುತ್ತದೆ, ಮದುವೆ ಮನೆ ಆರ್ಡರ್ ಇರುತ್ತದೆ. ಒತ್ತುವ ಯಂತ್ರ, ಡ್ರೈಯರ್ ತಂದರೆ ಅದೇ ಐದು ಜನ ಜಾಸ್ತಿ ಮಾಡಬಹುದು. ಇಂಥ ಯಂತ್ರಕ್ಕೆ, ಸಣ್ಣ ಆಹಾರ ಘಟಕಗಳಿಗೆಂದು ಕೇಂದ್ರದಿಂದ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ 35 ಪರ್ಸೆಂಟ್ ಸಹಾಯಧನ ಇಟ್ಟರು, ಅದರ ಮೇಲೆ ರಾಜ್ಯ ಸರ್ಕಾರ 15 ಸೇರಿಸಿತು. ಸಂಘದ ಸದಸ್ಯರಿಗೆ ತಲಾ 40,000ದವರೆಗೆ ಬೀಜಧನವೂ ಅದರಲ್ಲಿತ್ತು. ಅರ್ಜಿ ಹಾಕುವ ಮೊದಲು ಯೋಜನೆ ಆ ವರ್ಷ ಚಾಲ್ತಿಯಲ್ಲಿದೆಯಾ ಎಂದು ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಆ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ ಬೆಳೆ ಅನಾನಸ್. ಸೊರಬ, ಸಾಗರ ಕಡೆಯವರು ಇದನ್ನು ಯೋಚನೆ ಮಾಡಬಹುದು. ಹಣ್ಣಿನ ರೇಟು ಬಿದ್ದಾಗ ಹೊಲದಲ್ಲೇ ಕೊಳೆಯಲು ಬಿಡುವ ಬದಲು ಹೋಳು ಒಣಗಿಸಬಹುದು, ಜಾಮ್ ಮಾಡಬಹುದು.

ಉಪ್ಪಿನಕಾಯಿಯ ಮಾವಿನಮಿಡಿ ಅಪ್ಪೆಮಿಡಿಯದು ಬೇರೆಯದೇ ಮಾತು. ಅದಕ್ಕೆ ಜಿಐ (ಭೌಗೋಳಿಕ) ಗುರುತಿದೆ, ಹೆಸರಿದೆ, ಹುಡುಕಿಕೊಂಡು ಬರುವ ಗಿರಾಕಿ ಇದ್ದಾರೆ. ಆದರೆ ಮಿಡಿಗಾಗಿ ಹೊಳೆ ದಂಡೆಯ ಮರದ ಕೊಂಬೆಯನ್ನೇ ಕಡಿದು ಇಳಿಸುವವರಿದ್ದಾರೆ. ಅಂಥ ಮಿಡಿ ಕೊಳ್ಳುವುದಿಲ್ಲ ಎಂದು ಸಂಘ ಠರಾವು ಮಾಡಬೇಕು.

ಆಹಾರ ಪದಾರ್ಥ ಮಾರಲು ಲೈಸೆನ್ಸ್ ಬೇಕಾ?

ಬೇಕು. ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ. ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಏಜೆಂಟರಿಗೆ ಸಾವಿರಗಟ್ಟಲೆ ಕೊಡುವ ಅಗತ್ಯ ಇಲ್ಲ.

ಹಾಳೆ ತಟ್ಟೆ ಘಟಕ ಹಾಕಬಹುದಾ? ಎಲ್ಲರೂ ಅದನ್ನೇ ಹೇಳ್ತಾರೆ.

ಎಲ್ಲರೂ ಹೇಳುತ್ತಾರೆ ಎನ್ನುವುದೇ ಮೊದಲ ಎಚ್ಚರಿಕೆ. ಅಡಿಕೆ ಹಾಳೆ ನಮ್ಮಲ್ಲಿ ಹೇರಳ, ಕೆಲಸ ಕಲಿಯುವುದೂ ಸುಲಭ. ಆದರೆ ಮಳೆ ಹತ್ತುವ ಮೊದಲೇ ಹಾಳೆ ಸೇರಿಸಿ, ಒಣಗಿಸಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ಗೋದಾಮಿಲ್ಲದ ಘಟಕ ಜುಲೈಯಲ್ಲಿ ನಿಲ್ಲುತ್ತದೆ. ಕರೆಂಟು ಹೋದರೆ ಅಚ್ಚು ತಣ್ಣಗಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ಮೇಲಾಗಿ 2025ರಲ್ಲಿ ಅಮೆರಿಕದ ಆಹಾರ ಸುರಕ್ಷತಾ ಸಂಸ್ಥೆ ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಸುರಕ್ಷಿತವಲ್ಲ ಎಂದು ತಕರಾರು ತೆಗೆಯಿತು, ರಫ್ತು ನಂಬಿದವರಿಗೆ ಪೆಟ್ಟು ಬಿತ್ತು. ಹತ್ತಿರದ ಊರುಗಳ ಮದುವೆ, ದೇವಸ್ಥಾನ, ಕೇಟರಿಂಗ್ ಆರ್ಡರ್ ಮೊದಲೇ ಕೈಲಿದ್ದರೆ ಮಾತ್ರ ಯಂತ್ರಕ್ಕೆ ಸಾಲ ಮಾಡಿ.

ಕಾಡಿನ ಉತ್ಪನ್ನ ಆಯುವವರು ಸಂಘ ಮಾಡಿದರೆ ಏನು ಲಾಭ?

ತೂಕ. ಮೊದಲ ಲಾಭ ತೂಕದಲ್ಲಿ.

ಉಪ್ಪಾಗೆ, ಮುರುಗಲು, ರಾಮಪತ್ರೆ, ಸೀಗೆಕಾಯಿ, ಜೇನು ಯಾವುದೇ ಇರಲಿ, ಮನೆ ಬಾಗಿಲಿಗೆ ಬರುವ ವ್ಯಾಪಾರಿಯೇ ತಕ್ಕಡಿ ತರುತ್ತಾನೆ. ಹಸಿ ಇದೆ ಎಂದು ಒಂದಿಷ್ಟು ಕಳೆಯುತ್ತಾನೆ, ಚೀಲದ ತೂಕ ಎಂದು ಇನ್ನೊಂದಿಷ್ಟು. ಅಳತೆಯ ಜಗಳ ನಮ್ಮ ಸೀಮೆಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಚಾರಕ್ಕೇ. ಎಚ್. ಗಣಪತಿಯಪ್ಪನವರ ಮುಂದಾಳತ್ವದ ಆ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಿಂದ ಉಳುವವರಿಗೆ ಭೂಮಿ ಬಂತು. ಅಳತೆ ಕೇಳಿದವರ ಮೊಮ್ಮಕ್ಕಳು ನಾವು. ಹಾಗಾಗಿ ಸಂಘದ ಮೊದಲ ದುಡ್ಡಲ್ಲಿ ಒಂದು ಒಳ್ಳೆ ತೂಕದ ಯಂತ್ರ ತನ್ನಿ, ಮುದ್ರೆ ಹಾಕಿಸಿ, ಮಾಲು ನೀವೇ ತೂಗಿ ಚೀಟಿ ಬರೆಯಿರಿ.

ಎರಡನೆಯ ಲಾಭ ಒಣಗಿಸುವುದರಲ್ಲಿ. ಉಪ್ಪಾಗೆ ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲಿಲ್ಲ, ಬೆಂಕಿ ಹಾಕಿ ಸಿಪ್ಪೆ ಒಣಗಿಸಬೇಕು. ಮನೆಮನೆಯಲ್ಲೂ ಬೇರೆ ಬೇರೆ ಒಲೆ ಉರಿದರೆ ಸೌದೆ ರಾಶಿ ರಾಶಿ ಹೋಗುತ್ತದೆ, ಹೊಗೆ ಕುಡಿದ ಸಿಪ್ಪೆಗೆ ರೇಟೂ ಕಡಿಮೆ. ಹತ್ತು ಮನೆಗೊಂದು ಸುಧಾರಿತ ಒಲೆ ಮಾಡಿಕೊಂಡರೆ ಸೌದೆ ಉಳಿಯುತ್ತದೆ, ಸಿಪ್ಪೆಯ ಬಣ್ಣವೂ ಚೆನ್ನಾಗಿರುತ್ತದೆ. ಬೀಜ ಎಸೆಯಬೇಡಿ. ಉಪ್ಪಾಗೆ ಬೀಜದಿಂದ ತುಪ್ಪ ತೆಗೆಯುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಇನ್ನೂ ಕೆಲವು ಮನೆಯಲ್ಲಿ ಮಾಡುತ್ತಾರೆ.

ಮೂರನೆಯದು ಮರ ಉಳಿಯುವುದು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯಕ್ಕೆ ಎಳೆಕಾಯಿಯನ್ನೇ ಕೊಯ್ಯುತ್ತಾರೆ, ಕೊಂಬೆ ಮುರಿಯುತ್ತಾರೆ. ಯಾವ ದಿನದಿಂದ ಕೊಯ್ಲು ಎಂದು ಊರೇ ಕೂತು ತೀರ್ಮಾನಿಸಿದರೆ ಆ ಭಯ ಇರುವುದಿಲ್ಲ. ಗ್ರಾಮ ಅರಣ್ಯ ಸಮಿತಿ ಇದ್ದರೆ ಅಲ್ಲೇ ಇದನ್ನು ಇಡಿ.

ಮಂಗನ ಕಾಯಿಲೆಯನ್ನು ಮರೆಯಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ರೋಗ ಅದು, ಇವತ್ತಿಗೂ ಜೀವ ತೆಗೆಯುತ್ತಿದೆ. ಡಿಸೆಂಬರ್‌ನಿಂದ ಮಳೆ ಬರುವವರೆಗೆ ದರಗು (ಒಣ ಎಲೆ), ಸೌದೆ, ಸೀಗೆ ತರಲು ಹೋಗುವವರಿಗೇ ಉಣುಗು (ಉಣ್ಣೆ ಹುಳ) ಕಚ್ಚುವ ಅಪಾಯ ಜಾಸ್ತಿ. ಉಣುಗು ತಡೆಯುವ ಎಣ್ಣೆಯನ್ನು ಆರೋಗ್ಯ ಕೇಂದ್ರದಿಂದ ತರಿಸುವುದು, ಮಂಗ ಸತ್ತಿದ್ದು ಕಂಡರೆ ತಕ್ಷಣ ತಿಳಿಸುವುದು ಸಂಘದ ಕೆಲಸವೇ. ದುಡಿಯುವವರು ಉಳಿದರೆ ತಾನೇ ದುಡಿಮೆ.

ನಮಗೆ ಹಕ್ಕುಪತ್ರ ಇಲ್ಲ. ಸಾಲ ಸಿಗುತ್ತಾ?

ಸಂಘದ ಸಾಲಕ್ಕೆ ಪಹಣಿ ಬೇಡ. ಮುಳುಗಡೆಯವರು, ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು, ಕಾಡಂಚಿನವರು ಎಲ್ಲರೂ ಸ್ವಸಹಾಯ ಸಂಘದಲ್ಲಿ ಸಾಲ ಪಡೆಯಬಹುದು. ಸಹಕಾರಿ ಸಂಘದ ಬೆಳೆ ಸಾಲಕ್ಕೆ ಮಾತ್ರ ಪಹಣಿ ಕೇಳುತ್ತಾರೆ. ಇದು ನಿಜಕ್ಕೂ ದೊಡ್ಡ ಅನ್ಯಾಯ. ರಾಜ್ಯದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಇದೆ, ಪಹಣಿ ಇದ್ದವರಿಗೆ ಸಿಗುತ್ತದೆ. ಅದೇ ಮಣ್ಣಲ್ಲಿ ಮೂರು ತಲೆಮಾರು ಗೆಯ್ದವರಿಗೆ ಕಾಗದ ಇಲ್ಲದ್ದಕ್ಕೆ ಸಿಗುವುದಿಲ್ಲ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಜಾಗ ತಮ್ಮ ಸ್ವಾಧೀನದಲ್ಲಿದ್ದದ್ದನ್ನು ತೋರಿಸಬೇಕು. ಬೇರೆಯವರು ಅದಕ್ಕೂ ಹಿಂದಿನ 75 ವರ್ಷದ ವಾಸ ತೋರಿಸಬೇಕು, ಹೆಚ್ಚಿನ ಅರ್ಜಿ ಸಿಕ್ಕಿಬೀಳುವುದು ಇಲ್ಲಿ. ಸಂಘ ಒಂದು ಕೆಲಸ ಮಾಡಬಹುದು. ಹಳೆ ಮತದಾರರ ಪಟ್ಟಿ, ಶಾಲಾ ದಾಖಲೆ, ಕಂದಾಯ ರಸೀದಿ ಎಲ್ಲ ಮನೆಯವರದ್ದೂ ಒಟ್ಟಿಗೆ ಹುಡುಕಿಸಿ ಫೈಲು ಮಾಡಿಡಿ.

ಹಸು ಸಾಲ ತಗೊಳ್ಳೋದು ಒಳ್ಳೆಯದಾ?

ಮೇವು ಇದೆಯಾ? ಡೇರಿ ಹತ್ತಿರ ಇದೆಯಾ? ಎರಡಕ್ಕೂ ಹೌದು ಎಂದಾದರೆ ತಗೊಳ್ಳಿ. ಡೇರಿಗೆ ಹಾಕಿದ ಹಾಲಿಗೆ ಸರ್ಕಾರದಿಂದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಇದೆ. ಆದರೆ ಜಾಗವಿಲ್ಲದವರು ಎಚ್ಎಫ್ ತಳಿಯ ಹಸು ತಂದು ಹಿಂಡಿಗೇ ಎಲ್ಲ ಸುರಿದು ಕೊನೆಗೆ ಹಸು ಮಾರಿ ಸಾಲ ಉಳಿಸಿಕೊಂಡಿದ್ದು ಊರೂರಲ್ಲಿ ಕಾಣುತ್ತದೆ. ಮಲೆನಾಡು ಗಿಡ್ಡ ತಳಿ ಮೇಯ್ದು ಬದುಕುತ್ತದೆ, ಮಳೆ ತಡೆಯುತ್ತದೆ, ಹಾಲು ಕಡಿಮೆ. ಮನೆ ಹಾಲು, ಗೊಬ್ಬರಕ್ಕೆ ಅದು ಸಾಕು. ಅದರ ಮೇಲೆ ಸಾಲದ ಕಂತು ಕಟ್ಟಲಾಗದು.

ಭೂಮಿಯೂ ಇಲ್ಲ, ಬಂಡವಾಳವೂ ಇಲ್ಲ. ಕೂಲಿಯವರು ಏನು ಮಾಡಬಹುದು?

ಕೂಲಿಯನ್ನೇ ಸಂಘಟಿಸಿ. ಈಗ ಮಲೆನಾಡಿನಲ್ಲಿ ಅತಿ ದೊಡ್ಡ ಬರ ಕೊನೆಗಾರರದ್ದು. ಮರ ಹತ್ತುವವರಿಗೆ ವಯಸ್ಸಾಯಿತು, ಹುಡುಗರು ಹತ್ತುವುದಿಲ್ಲ. ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಹೊಡೆಯಲು ಸರಿಯಾದ ದಿನಕ್ಕೆ ಜನ ಸಿಗದೆ ಫಸಲು ಕೊಳೆಗೆ ಹೋಗುತ್ತಿದೆ. ಎಂಟು ಹತ್ತು ಹುಡುಗರು ಸೇರಿ ದೋಟಿ (ನೆಲದಿಂದಲೇ ಕೊನೆ ಕೊಯ್ಯುವ ಉದ್ದ ಕೋಲು), ಸ್ಪ್ರೇಯರ್ ಇಟ್ಟುಕೊಂಡು ತಂಡ ಕಟ್ಟಿದರೆ ವರ್ಷಪೂರ್ತಿ ಕೆಲಸ ಇದೆ. ಔಷಧಿ, ಕೊಯ್ಲು, ಸುಲಿತ, ಬೇಸಿಗೆಯಲ್ಲಿ ಮಣ್ಣು ಕೆಲಸ. ದರ ತಂಡವೇ ಹೇಳುತ್ತದೆ. ಪ್ರತಿಯೊಬ್ಬರಿಗೂ ಅಪಘಾತ ವಿಮೆ ಕಡ್ಡಾಯ ಮಾಡಿ. ಮರದಿಂದ ಬಿದ್ದು ಸೊಂಟ ಮುರಿದವರ ಮನೆಯ ಸ್ಥಿತಿ ನೋಡಿದವರು ಇದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ತರಬೇತಿಗೆ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಇಂಥ ತಂಡಕ್ಕೆ ತೋಟದವರೂ ಬೆಂಬಲ ಕೊಡಬೇಕು. ಅವರ ತೋಟ ಉಳಿಯುವುದೂ ಇದರಿಂದಲೇ.

ನಮ್ಮ ಸೀಮೆಯಲ್ಲಿ ಇಂಥದ್ದು ನಿಜವಾಗಿ ಗೆದ್ದಿದೆಯಾ?

ಸಾಗರ ತಾಲ್ಲೂಕು ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಘ ನೋಡಿ ಬನ್ನಿ. 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಒತ್ತಾಸೆಯಿಂದ ಶುರುವಾದ ಮಹಿಳಾ ಸಹಕಾರ ಸಂಘ ಅದು. ನೇಯ್ಗೆಯ ಹಿನ್ನೆಲೆಯೇ ಇಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಮಗ್ಗ ಕಲಿತರು. ತೋಟದ ಮನೆಯ ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟಿದರು. ಮಾರಲು 'ದೇಸಿ' ಅಂಗಡಿಗಳಿದ್ದವು. ತಯಾರಿಕೆಗೂ ಮೊದಲೇ ಮಾರಾಟದ ದಾರಿ ಕಟ್ಟಿದ್ದು ಅದರ ಬಲ. 2020ರಲ್ಲಿ ಕೋವಿಡ್ ಹೊತ್ತಿಗೆ ಬಟ್ಟೆ ಮಾರಾಟವಾಗದೆ ಚರಕವೂ ದಿವಾಳಿ ಎಂದು ಘೋಷಿಸಿಕೊಳ್ಳಬೇಕಾಯಿತು. ಅಷ್ಟು ಹೆಸರು ಮಾಡಿದ ಸಂಘಕ್ಕೇ ಹಾಗಾದರೆ ಸಣ್ಣವರ ಗತಿ ಏನು ಎಂದು ಹೆದರಬೇಡಿ. ಕೆಲವು ತಿಂಗಳ ಕೂಲಿಗಾಗುವಷ್ಟು ನಿಧಿಯನ್ನು ಬೇರೆಯಾಗಿ ಎತ್ತಿಡಿ, ಲಾಭ ಬಂದ ವರ್ಷ ಎಲ್ಲವನ್ನೂ ಹಂಚಿಬಿಡಬೇಡಿ.

ಎಫ್‌ಪಿಒ ಮಾಡೋದಾ, ಸಹಕಾರ ಸಂಘ ಮಾಡೋದಾ?

ಎಫ್‌ಪಿಒ ಅಂದರೆ ರೈತ ಉತ್ಪಾದಕರ ಸಂಸ್ಥೆ, ಹೆಚ್ಚಾಗಿ ಕಂಪನಿ ರೂಪದ್ದು. ಯಾವುದನ್ನೇ ಮಾಡುವ ಮೊದಲು ನಿಮ್ಮ ತಾಲ್ಲೂಕಲ್ಲಿ ಆಗಲೇ ಇರುವ ಎಫ್‌ಪಿಒ ಹುಡುಕಿ. 2020ರ ಯೋಜನೆಯ 10,000 ಎಫ್‌ಪಿಒ ಗುರಿ 2025ರಲ್ಲೇ ಮುಟ್ಟಿದೆ. ಎಷ್ಟೋ ಕಂಪನಿಗಳು ನಿರ್ದೇಶಕರಿದ್ದೂ ವ್ಯಾಪಾರವಿಲ್ಲದೆ ಕೂತಿವೆ. ಶೇರು ತಗೊಂಡು ಒಳಗೆ ಹೋಗಿ, ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳಿ. ಸಂಜೀವಿನಿ (ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆ) ಸಂಘಗಳಿಗೆ ಪಂಚಾಯ್ತಿ ಮಟ್ಟದ ಒಕ್ಕೂಟ ಇದೆ. ಒಟ್ಟಿಗೆ ಮಾರಲು ಶುರುವಿಗೆ ಅದೇ ಸಾಕು.

ಭದ್ರಾವತಿಯಂಥ ಊರಿಗೂ ಇದೇ ಔಷಧಿಯಾ?

ಹಾಗೆಂದು ಹೇಳಿದರೆ ಅನ್ಯಾಯವಾಗುತ್ತದೆ. 1923ರಲ್ಲಿ ಉತ್ಪಾದನೆ ಶುರುವಾದ ಕಬ್ಬಿಣದ ಕಾರ್ಖಾನೆ (ಈಗಿನ ವಿಐಎಸ್ಎಲ್), 1936ರ ಪೇಪರ್ ಮಿಲ್ಲು (ಎಂಪಿಎಂ) ಎರಡರ ಮೇಲೆ ನಿಂತ ಊರದು. ಎಂಪಿಎಂ 2015ರಲ್ಲಿ ನಿಂತಿತು. ವಿಐಎಸ್ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಅದೇ ವರ್ಷ ಆಗಸ್ಟಿನಲ್ಲಿ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಕಾಯಂ ನೌಕರಿಯ ಸಂಬಳಕ್ಕೆ ಹಪ್ಪಳ ಸಮ ಆಗುವುದಿಲ್ಲ. ಕಾರ್ಖಾನೆ ಉಳಿಸಿ ಎಂದು ಕೇಳುವುದು ಬೇರೆ ಹೋರಾಟ, ಅದು ನಡೆಯಲೇಬೇಕು. ಆದರೆ ಅಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್ ಕೈಗಳಿವೆ. ಅವರು ಸೇರಿ ವರ್ಕ್‌ಶಾಪ್ ಸೊಸೈಟಿ ಮಾಡಿದರೆ ಮಲೆನಾಡಿನ ಅಡಿಕೆ ಸುಲಿಯುವ ಯಂತ್ರ, ಡ್ರೈಯರ್, ದೋಟಿ ರಿಪೇರಿಗೆ ದೂರದೂರು ನೋಡಬೇಕಾಗಿಲ್ಲ. ಈ ಎರಡು ಕಷ್ಟಗಳನ್ನು ಜೋಡಿಸುವ ಕೆಲಸ ಯಾರಾದರೂ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ದೊಡ್ಡ ಆಸೆ.

ಸಿಗಂದೂರು ಸೇತುವೆ ಆಯ್ತಲ್ಲ, ತುಮರಿ ಕಡೆಗೆ ಒಳ್ಳೆಯದಾಯ್ತಾ?

ಶರಾವತಿ ಹಿನ್ನೀರಿನ ಆಚೆಯ ತುಮರಿಯಿಂದ ಆಸ್ಪತ್ರೆಗೆ, ಕಾಲೇಜಿಗೆ ಲಾಂಚ್ ಕಾಯುತ್ತಿದ್ದವರಿಗೆ 2025ರ ಜುಲೈಯಲ್ಲಿ ಬಂದ ಸೇತುವೆ ದೊಡ್ಡ ಬಿಡುಗಡೆ. ವ್ಯಾಪಾರದ ಮಟ್ಟಿಗೆ ಗಾಡಿ ನಿಲ್ಲದೆ ಮುಂದೆ ಹೋಗುತ್ತದೆ. ನಿಲ್ಲಿಸುವಂಥದ್ದು ಏನಾದರೂ ಊರವರ ಕೈಲೇ ಇರಬೇಕು. ಊಟ, ಹೋಂಸ್ಟೇ, ಹಸೆ ಚಿತ್ತಾರದ ಬುಟ್ಟಿ. ಜಾಗ ಹೊರಗಿನವರಿಗೆ ಮಾರಿ ಅವರ ರೆಸಾರ್ಟಿನಲ್ಲಿ ಪಾತ್ರೆ ತೊಳೆಯುವ ಸ್ಥಿತಿ ಬರಬಾರದು. ಒಕ್ಕೂಟ ಈಗಲೇ ಒಂದು ಮಳಿಗೆ ಜಾಗ ಪಂಚಾಯ್ತಿಯಿಂದ ಕೇಳಿಕೊಳ್ಳಲಿ.

ಒಬ್ಬರು ಕಂತು ಕಟ್ಟದಿದ್ದರೆ?

ಮೊದಲು ಇಬ್ಬರು ಮನೆಗೆ ಹೋಗಿ ಕಾರಣ ಕೇಳಿ. ಕಾಯಿಲೆ, ಸಾವು, ಬೆಳೆ ಹೋಗಿದ್ದಾದರೆ ಅವಧಿ ಕೊಡಿ, ಬಡ್ಡಿ ಬಿಡಿ. ದುಡ್ಡಿದ್ದೂ ಕಟ್ಟದವರಿಗೆ ಸಭೆಯಲ್ಲಿ ಎಲ್ಲರ ಮುಂದೆ ಕೇಳಿ. ಬೀದಿಯಲ್ಲಿ ನಿಂತು ಮರ್ಯಾದೆ ತೆಗೆಯಬೇಡಿ.

ಸಂಘದಲ್ಲಿ ದೊಡ್ಡ ಮನೆಯವರದ್ದೇ ಮಾತು ನಡೆಯುತ್ತೆ. ಏನು ಮಾಡೋದು?

ಸಭೆ ಎಲ್ಲಿ ಸೇರುತ್ತೀರಿ ನೋಡಿ. ದೊಡ್ಡ ಮನೆಯ ಜಗಲಿಯಲ್ಲಿ ಸಭೆ ಇಟ್ಟರೆ ಕೆಲವರು ಅಂಗಳದಲ್ಲೇ ನಿಲ್ಲುತ್ತಾರೆ, ಮಾತಾಡುವುದಿಲ್ಲ. ಅಂಗನವಾಡಿಯಲ್ಲಿ ಸೇರಿ, ಇಲ್ಲವೇ ಸರದಿಯಂತೆ ಎಲ್ಲರ ಮನೆಯಲ್ಲೂ ಸೇರಿ, ಕೇರಿಯ ಮನೆಯಲ್ಲೂ ಸೇರಿ. ಅಲ್ಲಿ ಕೂತು ಚಾ ಕುಡಿಯಲು ಆಗದವರು ಸಂಘದಲ್ಲಿ ಇರುವುದು ಬೇಡ. ಅಧ್ಯಕ್ಷರನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಕೂಲಿಯವರದ್ದೇ ಬೇರೆ ಸಂಘ ಇದ್ದರೂ ತಪ್ಪಿಲ್ಲ, ಎಷ್ಟೋ ಸಲ ಅದೇ ಒಳ್ಳೆಯದು.

ಯಾರ ಹತ್ತಿರ ಹೋಗಬೇಕು? ಮೊದಲ ದಿನ ಏನು ಮಾಡಬೇಕು?

ತಾಲ್ಲೂಕು ಪಂಚಾಯ್ತಿಯಲ್ಲಿ ಸಂಜೀವಿನಿ ವಿಭಾಗ ಇದೆ, ನಿಮ್ಮ ಪಂಚಾಯ್ತಿಯಲ್ಲಿ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರರು) ಇರುತ್ತಾರೆ. ಅವರೇ ಪುಸ್ತಕ ಬರೆಯುವುದನ್ನು ಕಲಿಸುತ್ತಾರೆ. ಯಂತ್ರ, ಸಹಾಯಧನಕ್ಕೆ ಕೃಷಿ ಇಲಾಖೆ ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರ.

ಮೊದಲ ಸಭೆಯಲ್ಲಿ ಉದ್ಯಮದ ಮಾತೇ ಬೇಡ. ವಾರದ ದಿನ, ಹೊತ್ತು, ಉಳಿತಾಯ ಎಷ್ಟು ಎನ್ನುವುದು ತೀರ್ಮಾನ ಆಗಲಿ. ಎರಡು ಸಹಿಯ ಬ್ಯಾಂಕ್ ಖಾತೆಗೆ ಹೆಸರು ಸೂಚಿಸಿ. ಪುಸ್ತಕ ಬರೆದವರು ಕೊನೆಯಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕು, ಓದು ಬಾರದವರು ಕೇಳಿ ಒಪ್ಪಿದ ಮೇಲೇ ಹೆಬ್ಬೆಟ್ಟು. ಆಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯಿಂದ ಈ ವರ್ಷ ಏನೇನು ಮಾರಿದರು, ಯಾರಿಗೆ, ಯಾವ ರೇಟಿಗೆ ಎಂದು ಹೇಳಲಿ. ಅದನ್ನು ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಮೂರು ತಿಂಗಳಾದ ಮೇಲೆ ಯಾವ ಉದ್ಯಮ ಎಂದು ಯೋಚಿಸುವಾಗ ಆ ಹಾಳೆ ತೆಗೆಯಿರಿ.